ಬೆರಿಲ್ ಎಳೆದ ಗೆರೆಗಳು

ಬಾಯ್ಲರಿನ ಹೊದಿಕೆಯ ತಗಡು ಬಿಚ್ಚಬೇಕು ಎಂದೆ. ನಾನು ಹೇಳಿದ್ದು ಅಷ್ಟೇ. ಮುದುಕರಾದ ಎಲಿಸ್ ಹೊಲ್ರಾಯ್ಡ್ ನನ್ನ ಮುಖ ನೋಡಲಿಲ್ಲ. ಬೆಂಚಿನ ಮೇಲಿದ್ದ ತಮ್ಮ ಪುಟ್ಟ ರೈಲು ಎಂಜಿನ್ನಿನ ಬೆನ್ನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು, ಪಶುವೈದ್ಯರ ಮುಂದೆ ನಾಯಿಯನ್ನು ಹಿಡಿದುಕೊಂಡವರ ಹಾಗೆ.

ನಮ್ಮ ಪುಟ್ಟ ರೈಲುಗಳ ಕ್ಲಬ್ಬಿನ ಅಧ್ಯಕ್ಷ ಬರ್ನಾರ್ಡ್ ಚಹಾದ ಮಗ್ಗು ಹಿಡಿದು ಬಾಗಿಲಿಗೆ ಒರಗಿದ್ದರು. ಬರುವ ಭಾನುವಾರ ಪಾರ್ಕಿನಲ್ಲಿ ವರ್ಷದ ಮೊದಲ ಓಡಾಟ. ಎಲಿಸ್ ಅವರ ಎಂಜಿನ್ನೇ ಮೊದಲು ಹೊರಡಬೇಕು ಎಂಬುದು ನಮ್ಮೂರಿನಲ್ಲಿ ಯಾರೂ ಬರೆದಿಡದ ಕಾನೂನು. ಚಳಿಗಾಲ ಮುಗಿಯಿತು ಎಂದು ಮಕ್ಕಳಿಗೆ ತಿಳಿಯುವುದೇ ಅದರ ಸಿಳ್ಳಿನಿಂದ.

ಅದು ನನ್ನ ಮಂಡಿಯೆತ್ತರಕ್ಕೂ ಬರುವುದಿಲ್ಲ. ಆದರೆ ತಿನ್ನುವುದು ನಿಜವಾದ ಕಲ್ಲಿದ್ದಲು, ಕುಡಿಯುವುದು ನಿಜವಾದ ನೀರು, ಹಿಂದಿನ ಬೆಂಚುಗಾಡಿಗಳಲ್ಲಿ ಕಾಲು ಇಳಿಬಿಟ್ಟು ಕೂರುವವರು ನಿಜವಾದ ಮಕ್ಕಳು. ಇದನ್ನು ಆಟಿಕೆ ಎನ್ನುವವರು ಅದರ ಹಬೆಗೆ ಒಮ್ಮೆ ಕೈಯೊಡ್ಡಿ ನೋಡಲಿ. ಅದಕ್ಕಾಗಿಯೇ ಕೆಲವು ವರ್ಷಗಳಿಗೊಮ್ಮೆ ಪ್ರತಿ ಬಾಯ್ಲರಿಗೂ ಕಂಠಮಟ್ಟ ತಣ್ಣೀರು ತುಂಬಿ, ಓಡುವಾಗಿನ ಒತ್ತಡದ ಒಂದೂವರೆ ಪಟ್ಟು ಬರುವವರೆಗೆ ಕೈಪಂಪಿನಿಂದ ಒತ್ತುತ್ತೇವೆ. ಬಾಯ್ಲರು ಸೋಲುವುದಿದ್ದರೆ ನೀರಿನ ಮುಂದೆ ಸೋಲಲಿ. ತಣ್ಣೀರು ಜಿನುಗಿ ಸುಮ್ಮನಾಗುತ್ತದೆ, ಹಬೆ ಸುಮ್ಮನಾಗುವುದಿಲ್ಲ.

ತನ್ನ ಬಾಯ್ಲರನ್ನು ತಾನೇ ಪರೀಕ್ಷಿಸುವಂತಿಲ್ಲ. ಹಾಗಾಗಿ ಬಹಳ ಕಾಲ ಎಲಿಸ್ ಬಾಯ್ಲರನ್ನು ಕ್ಲಿಫರ್ಡ್ ನೋಡುತ್ತಿದ್ದರು, ಕ್ಲಿಫರ್ಡ್ ಬಾಯ್ಲರನ್ನು ಎಲಿಸ್. ಇಬ್ಬರೂ ಗೆಳೆಯರು, ಇಬ್ಬರೂ ಕ್ಲಬ್ಬಿನ ಪರೀಕ್ಷಕರು. ಎಲಿಸ್ ಕಣ್ಣು ಮಂಜಾಯಿತೆಂದು ಆ ಕೆಲಸ ಬಿಟ್ಟರು. ಕ್ಲಿಫರ್ಡ್ ಈ ಚಳಿಗಾಲದಲ್ಲಿ ತೀರಿಕೊಂಡರು. ಕೆಲಸ ನನ್ನ ಕೈಗೆ ಬಂತು. ತಾಮ್ರಕ್ಕೆ ಬೆಳ್ಳಿಯ ಬೆಸುಗೆ ಹಾಕುವುದನ್ನು ನನಗೆ ಕಲಿಸಿದವರೇ ಎಲಿಸ್.

ಪರೀಕ್ಷೆಗೆ ಹೊದಿಕೆ ಬಿಚ್ಚಲೇಬೇಕೆಂದಿಲ್ಲ, ಪರೀಕ್ಷಕರು ಕೇಳಿದರೆ ಮಾತ್ರ ಬಿಚ್ಚಬೇಕು. ಕ್ಲಿಫರ್ಡ್ ಒಮ್ಮೆಯೂ ಕೇಳಿರಲಿಲ್ಲ. ಯಾಕೆಂದರೆ ಎಲಿಸ್ ಎಂಜಿನ್ನಿನ ಹೊದಿಕೆಯನ್ನು ಬಿಚ್ಚಲು ದಾರಿಯೇ ಇಲ್ಲ. ಬೇರೆಯವರ ತಗಡಿನಲ್ಲಿ ಸಣ್ಣ ತಿರುಪುಗಳು ಕಾಣುತ್ತವೆ. ಇವರು ಆ ತಿರುಪುಗಳ ತಲೆಯನ್ನೂ ತಗಡಿನ ಅಂಚುಗಳನ್ನೂ ಪುಟ್ಟಿ ತುಂಬಿ ಮುಚ್ಚಿ, ಉಜ್ಜಿ, ಕಡು ಹಸಿರು ಬಣ್ಣ ಬಳಿದಿದ್ದರು. ಅದರ ಮೇಲೆ ಅವರ ಹೆಂಡತಿ ಬೆರಿಲ್ ಕೂದಲೆಳೆಯಂಥ ಕುಂಚದಿಂದ ಕಿತ್ತಳೆ ಮತ್ತು ಕಪ್ಪು ಗೆರೆಗಳನ್ನು ಎಳೆದಿದ್ದರು. ರಾಷ್ಟ್ರಮಟ್ಟದ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಪದಕದ ಆಸೆಯಿರುವ ನಮ್ಮಂಥವರು ಮಾತ್ರ ಮಾಡುವ ತಪ್ಪು ಅದು: ಎಂದಾದರೂ ತೆರೆಯಲೇಬೇಕಾದ ವಸ್ತುವನ್ನು ತೆರೆಯಲಾಗದಷ್ಟು ಅಂದವಾಗಿ ಮುಚ್ಚಿಬಿಡುವುದು.

ಬೆರಿಲ್ ಈಗ ಇಲ್ಲ. ಎಷ್ಟೋ ವರ್ಷದ ಹಿಂದೆ, ಗೆರೆ ಮುಗಿಸಿದ ಬೇಸಿಗೆಯಲ್ಲೇ, ಸ್ವಲ್ಪ ದಿನಕ್ಕೆ ಹೋದರು. ತಗಡು ಬಿಚ್ಚಿ ಎಂದರೆ ಬೆರಿಲ್ ಗೆರೆಗಳನ್ನು ಕತ್ತರಿಸಿ ಎಂದ ಹಾಗೆ. ಅದು ನನಗೆ ಗೊತ್ತಿತ್ತು. ಬರ್ನಾರ್ಡ್‌ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಮದುಮಗಳ ಕೆನ್ನೆ ಕೆರೆದು ನೋಡ್ತೀಯೇನಮ್ಮ ಗ್ಲೆಂಡಾ, ಪೌಡರ್ ಕೆಳಗೆ ಚರ್ಮ ಇದ್ಯೋ ಇಲ್ವೋ ಅಂತ?" ಎಂದರು. ಹೊಸ ಪೊಲೀಸಿನವನ ಟೋಪಿಯೇ ಯಾವಾಗಲೂ ಹೆಚ್ಚು ಮಿಂಚುವುದು ಎಂದೂ ಸೇರಿಸಿದರು.

ನಾನು ಕೈಪಂಪನ್ನು ಹತ್ತಿರ ಎಳೆದುಕೊಂಡೆ. ಉತ್ತರ ಕೊಟ್ಟಿದ್ದರೆ ಧ್ವನಿ ಏರುತ್ತಿತ್ತು, ಆಮೇಲೆ ಊರೆಲ್ಲ ಮಾತಾಡುವುದು ನನ್ನ ಧ್ವನಿಯ ಬಗ್ಗೆಯೇ. ಎಲಿಸ್ ಮಾತ್ರ ಮೆಲ್ಲಗೆ, "ಕ್ಲಿಫರ್ಡ್ ಯಾವತ್ತೂ ಕೇಳ್ಲಿಲ್ಲ," ಎಂದರು.

ಸರಿ, ಮೊದಲು ಹೊದಿಕೆಯೊಂದಿಗೇ ಒತ್ತಿ ನೋಡೋಣ ಎಂದೆ. ಸೇಫ್ಟಿ ವಾಲ್ವ್ ಕಳಚಿ ಆ ಜಾಗಕ್ಕೆ ಮುಚ್ಚಳ ಹಾಕಿದೆವು. ಗಾಳಿ ಉಳಿಯದಂತೆ ನೀರು ತುಂಬಿದೆವು. ನಾನು ಪಂಪು ಒತ್ತಿದೆ. ಮಾಪಕದ ಮುಳ್ಳು ಕೆಂಪು ಗುರುತಿಗೆ ಬಂತು, ನಿಂತಿತು. ನಂತರ ಯಾರಿಗೂ ಹೇಳದೆ ಎದ್ದುಹೋಗುವವರಂತೆ ಕೆಳಗಿಳಿಯತೊಡಗಿತು.

ಅಡಿಯ ತಟ್ಟೆಯಲ್ಲಿ ಒಂದು ಹನಿಯೂ ಇರಲಿಲ್ಲ. ಪಂಪಿನ ವಾಲ್ವ್ ಸೋರುತ್ತಿರಬೇಕು ಎಂದರು ಎಲಿಸ್. ಪಂಪಿಗೂ ಬಾಯ್ಲರಿಗೂ ನಡುವಿನ ತಿರುಗಣೆ ಮುಚ್ಚಿ ಮತ್ತೆ ನೋಡಿದೆವು. ಮುಳ್ಳು ಇಳಿಯಿತು. ಮಾಪಕವೇ ಕೆಟ್ಟಿರಬೇಕು ಎಂದರು ಬರ್ನಾರ್ಡ್. ಬೇರೆ ಮಾಪಕ ಹಾಕಿದೆ. ಅದೂ ಇಳಿಯಿತು. ಹೊರಗೆ ಯಾರೋ ಹಳಿಯ ಮೇಲಿನ ಎಲೆ ಗುಡಿಸುತ್ತಿದ್ದ ಸದ್ದು ಬರುತ್ತಿತ್ತು.

ಆಗ ಬಾಯ್ಲರಿನ ಹೊಟ್ಟೆಯ ಹತ್ತಿರ, ಒಲೆಯ ಪೆಟ್ಟಿಗೆ ಸೇರುವ ಕೊರಳಿನಲ್ಲಿ, ಬೆರಿಲ್ ಎಳೆದ ಒಂದು ಕಿತ್ತಳೆ ಗೆರೆ ಉಬ್ಬಿತು. ಬಣ್ಣದ ಕೆಳಗೆ ನೀರು ಬಂದು ಗೆರೆಯನ್ನು ಎತ್ತುತ್ತಿತ್ತು. ಬೊಕ್ಕೆ ದ್ರಾಕ್ಷಿಯಷ್ಟಾಯಿತು. ನಾವು ಮೂವರೂ ಅದನ್ನು ನೋಡುತ್ತ ನಿಂತೆವು.

ನಾನು ಒತ್ತಡ ಇಳಿಸಿ ಚೂರಿ ತೆಗೆದುಕೊಂಡೆ. "ಕೊಡಿಲ್ಲಿ," ಎಂದು ಎಲಿಸ್ ಅದನ್ನು ಕಿತ್ತುಕೊಂಡರು. ತಾವೇ ಕೊಯ್ದರು, ಗೆರೆಯಿಲ್ಲದ ಕಡೆಯಿಂದ ಶುರುಮಾಡಿ. ಕೊನೆಗೆ ಗೆರೆಯಿದ್ದ ಕಡೆಗೂ ಹೋಗಬೇಕಾಯಿತು. ಒಳಗಿನ ಉಣ್ಣೆಯ ಪದರ ಹಿಂಡಿದ ಬಟ್ಟೆಯಂತೆ ಒದ್ದೆಯಾಗಿತ್ತು. ಅದನ್ನು ಸರಿಸಿದಾಗ ತಾಮ್ರ ಕಂಡಿತು, ಕಿಲುಬು ಹಿಡಿದು ಹಸಿರಾಗಿತ್ತು. ಕೊರಳಿನ ಜೋಡಣೆಯ ಉದ್ದಕ್ಕೂ ಬೂದಿಯಂಥ ಮಂಕು ಬಣ್ಣದ ಏನನ್ನೋ ಸವರಿದ್ದರು.

ಸೀಸ ಬೆರೆತ ಮೆತ್ತನೆಯ ಬೆಸುಗೆ. ರೇಡಿಯೊ ತಂತಿ ಅಂಟಿಸುವಂಥದ್ದು.

ಅದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು, ಅಥವಾ ಅರ್ಥ ಮಾಡಿಕೊಳ್ಳಲು ಮನಸ್ಸಿರಲಿಲ್ಲ. ಬೆಸುಗೆ ಉಣ್ಣೆಯ ಕೆಳಗಿತ್ತು. ಉಣ್ಣೆ ತಗಡಿನ ಕೆಳಗೆ. ತಗಡು ಬಣ್ಣದ ಕೆಳಗೆ. ಆ ಬಣ್ಣ ಎಂದೂ ಒಡೆದಿರಲಿಲ್ಲ. ಹಾಗಾದರೆ ಇದನ್ನು ಬಣ್ಣಕ್ಕೂ ಮೊದಲೇ ಸವರಿದ್ದು. ಸೋರುವುದು ಗೊತ್ತಿದ್ದೇ ಮುಚ್ಚಿದ್ದು.

"ಇದನ್ನ ಹಚ್ಚಿದ್ದು ಯಾರು, ಎಲಿಸ್?"

ಅವರು ಚೂರಿಯನ್ನು ಬಟ್ಟೆಗೆ ಒರೆಸುತ್ತಿದ್ದರು. ಶುಭ್ರವಾದ ಮೇಲೂ ಒರೆಸುತ್ತಲೇ ಇದ್ದರು. ಹಬೆಯ ಬಿಸಿಗೆ ಈ ಬೆಸುಗೆ ಮೆತ್ತಗಾಗುತ್ತದೆ ಎಂದು ನನಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದೆ. ಸೀಸ ಸೋಕಿದ ಮೇಲೆ ಆ ಜೋಡಣೆಗೆ ಬೆಳ್ಳಿ ಹಿಡಿಯುವುದಿಲ್ಲ, ಬೆಂಕಿಗೆ ಹಿಡಿದರೆ ಸೀಸ ತಾಮ್ರವನ್ನೇ ತಿನ್ನುತ್ತದೆ, ಬಾಯ್ಲರು ಗುಜರಿಗೇ ಹೋಗಬೇಕು ಎಂದು ಇದೇ ಬೆಂಚಿನ ಮುಂದೆ ನಿಲ್ಲಿಸಿ ಹೇಳಿದವರು ಯಾರು ಎಂದು ಕೇಳಿದೆ. ಧ್ವನಿ ಏರಿಯೇಬಿಟ್ಟಿತ್ತು. ಏರಲಿ ಎನಿಸಿತು.

"ನಾನೊಬ್ಬನೇ ಮೊದಲ್ನೇ ಸಲ ಒತ್ತಿದಾಗ್ಲೇ ಜಿನುಗ್ತು," ಎಂದರು ಎಲಿಸ್. "ಹೊಸಾ ಬಾಯ್ಲರ್ ಮಾಡೋಕೆ ಒಂದು ವರ್ಷ ಬೇಕು. ಅವಳ ಹತ್ರ ಒಂದು ವರ್ಷ ಇರ್ಲಿಲ್ಲ ಕಣೇ. ಗೆರೆ ಎಳೀಬೇಕು, ಎಂಜಿನ್ ಓಡೋದು ನೋಡ್ಬೇಕು ಅಂತ ಕೂತಿದ್ಲು. ಬೆಳಿಗ್ಗೆ ಹೊತ್ತು ಮಾತ್ರ ಕೈ ನಡುಗ್ತಿರ್ಲಿಲ್ಲ."

ಕನಿಕರ ಬಂತು. ಬಂದ ಕನಿಕರವನ್ನು ನಾನು ಬಾಗಿಲಲ್ಲೇ ತಡೆದೆ. ಯಾಕೆಂದರೆ ಆ ಎಂಜಿನ್ನಿನ ಹಿಂದೆ, ಚಾಲಕನ ಬೆನ್ನಿಗೆ ಅಂಟಿದ ಮೊದಲ ಜಾಗಕ್ಕಾಗಿ ಮಕ್ಕಳು ಪ್ರತಿ ಭಾನುವಾರ ಜಗಳವಾಡುತ್ತವೆ. ನನ್ನ ತಂಗಿಯ ಮಗಳು ಎಲಿಸ್ ಕೋಟು ಹಿಡಿದುಕೊಂಡು ಅಲ್ಲಿ ಕೂತ ಚಿತ್ರ ನಮ್ಮ ಮನೆಯ ಗೋಡೆಯಲ್ಲಿದೆ.

"ಬೆರಿಲ್ ಹೋದ್ಮೇಲೆ? ಹೋದ್ಮೇಲೆ ಬೇಕಾದಷ್ಟು ವರ್ಷ ಇತ್ತಲ್ಲ ನಿಮ್ಮ ಹತ್ರ."

"ಹೋದ್ಮೇಲೆ ಬಿಚ್ಚೋದು ಇನ್ನೂ ಕಷ್ಟ ಆಯ್ತು."

"ಕ್ಲಿಫರ್ಡ್‌ಗೆ ಗೊತ್ತಿತ್ತಾ?"

"ಅವನು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

ಈ ಗಂಡಸರ ಮೌನವನ್ನು ನಾನು ಚಿಕ್ಕಂದಿನಿಂದ ಗೌರವಿಸಿದವಳು. ಷೆಡ್ಡಿನಲ್ಲಿ ಒಂದಿಡೀ ಮಧ್ಯಾಹ್ನ ಮಾತಿಲ್ಲದೆ ಅರ ಉಜ್ಜುವ ಇಬ್ಬರು ಮುದುಕರ ನಡುವೆ ಏನೋ ಆಳವಾದದ್ದು ಇದೆ ಎಂದುಕೊಂಡಿದ್ದೆ. ಇದ್ದದ್ದು ಇದು. ಒಬ್ಬರು ಕೇಳದಿರುವುದು, ಇನ್ನೊಬ್ಬರು ಹೇಳದಿರುವುದು, ಅದಕ್ಕೆ ಸ್ನೇಹವೆಂಬ ಹೆಸರು. ಅವರಿಬ್ಬರ ಮೌನದ ಹಿಂದೆ ಮಕ್ಕಳು ಸಾಲಾಗಿ ಕೂತು ಕೈಬೀಸುತ್ತ ಹೋಗುತ್ತಿದ್ದವು.

ಬರ್ನಾರ್ಡ್ ಮಗ್ಗನ್ನು ಕೆಳಗಿಟ್ಟಿದ್ದರು. ಅವರ ಗೇಲಿ ಇಳಿದಿತ್ತು. ಎಂಜಿನ್ನು ಇನ್ನು ಓಡುವುದು ಬೇಡ, ಆದರೆ ಕೊಯ್ದದ್ದನ್ನು ಮತ್ತೆ ಮುಚ್ಚಿ, ಕ್ಲಬ್ಬಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡೋಣ, ಬೆರಿಲ್ ಹೆಸರು ಹಾಕೋಣ ಎಂದರು. ಎಲಿಸ್ ಹೌದೆಂಬಂತೆ ತಲೆಯಾಡಿಸಿದರು. ಇಬ್ಬರೂ ನನ್ನ ಮಾತಿಗೆ ಕಾದರು. ಇಷ್ಟಕ್ಕೆ ನಾನು ಸುಮ್ಮನಾಗಲಿ ಎಂಬುದು ಅವರ ಆಸೆ.

ನಾನು ಒಪ್ಪಲಿಲ್ಲ. ನಾವೆಲ್ಲ ಹೋದ ಮೇಲೆ ಗಾಜಿನ ಪೆಟ್ಟಿಗೆ ಹರಾಜಿಗೆ ಬರುತ್ತದೆ. ಚಿನ್ನದ ಪದಕದ ಎಂಜಿನ್ನು ಎಂದು ಯಾರೋ ಕೊಳ್ಳುತ್ತಾರೆ. ಒರೆಸಿ, ನೀರು ತುಂಬಿ, ಬೆಂಕಿ ಹಚ್ಚುತ್ತಾರೆ. ಕೆಟ್ಟ ಬಾಯ್ಲರಿಗೆ ನಮ್ಮ ಕ್ಲಬ್ಬಿನಲ್ಲಿ ಒಂದೇ ಪದ್ಧತಿ. ಮತ್ತೆಂದೂ ನೀರು ನಿಲ್ಲದ ಹಾಗೆ ಅದಕ್ಕೆ ತೂತು ಕೊರೆಯಬೇಕು, ಕೊರೆಯಬೇಕಾದವನು ಮಾಡಿದವನೇ.

"ಇವತ್ತೇನೇ ಆಗ್ಬೇಕಾ?" ಎಂದರು ಬರ್ನಾರ್ಡ್. "ಸ್ವಲ್ಪನಾದ್ರೂ ಕರುಣೆ ಬೇಡ್ವೇನಮ್ಮ?"

"ಕರುಣೆಯಿಂದಾನೇ ಇದು ಇಷ್ಟು ವರ್ಷ ಓಡಿದ್ದು."

ಎಲಿಸ್ ಉಳಿದ ತಗಡನ್ನು ಕೊಯ್ದು ಬಿಡಿಸಿಕೊಂಡರು. ಹೊಟ್ಟೆಯ ಭಾಗ ಹರಿದಿತ್ತು, ಬೆನ್ನಿನ ಭಾಗ ಇಡಿಯಾಗಿ ಬಂತು. ಅದನ್ನು ಕೋಟಿನಲ್ಲಿ ಸುತ್ತಿ ಕುರ್ಚಿಯ ಮೇಲಿಟ್ಟರು. ಕಿತ್ತಳೆ ಗೆರೆಯ ತುದಿಯೊಂದು ಹೊರಗೆ ಕಾಣುತ್ತಿತ್ತು, ಅದನ್ನೂ ಒಳಗೆ ಮಡಚಿದರು. ಮತ್ತೆ ಬಂದು ಕೈ ಚಾಚಿದರು. ನಾನು ವಿದ್ಯುತ್ ಡ್ರಿಲ್ಲನ್ನು ಆ ಕೈಗೆ ಕೊಟ್ಟೆ.

ಹೊಟ್ಟೆಯಲ್ಲಿ ಕೊರೆದ ಮೊದಲ ತೂತಿನಿಂದ ತಣ್ಣೀರು ಸುರಿದು ಬೆಂಚಿನ ಮೇಲೆ ಹರಿದು ನಮ್ಮ ಬೂಟುಗಳ ಮೇಲೆ ಬಿತ್ತು. ಯಾರೂ ಹಿಂದೆ ಸರಿಯಲಿಲ್ಲ. ಎಲಿಸ್ ಡ್ರಿಲ್ಲನ್ನು ಕೆಳಗಿಡಲು ಹೋದರು.

"ಒಂದು ಸಾಲ್ದು," ಎಂದೆ. "ಒಂದಾದ್ರೆ ಬಿರಡೆ ಹಾಕಿ ಮುಚ್ಚಬಹುದು."

ಆಗ ಮೊದಲ ಸಲ ಅವರು ನನ್ನ ಮುಖ ನೋಡಿದರು. ಆ ಕಣ್ಣುಗಳಲ್ಲಿ ದುಃಖವಿರಲಿಲ್ಲ. ನನ್ನನ್ನು ಈ ಕ್ಲಬ್ಬಿಗೆ ಕರೆತಂದ ದಿನವನ್ನು ಶಪಿಸುವ ಸಿಟ್ಟಿತ್ತು. ನನಗೆ ಸಮಾಧಾನವೇ ಆಯಿತು. ಅಷ್ಟು ಹೊತ್ತಿನ ಮೌನಕ್ಕಿಂತ ಅದು ವಾಸಿ. ನಾನು ಕಣ್ಣು ತಗ್ಗಿಸಲಿಲ್ಲ.

ಅವರು ಎರಡನೆಯದನ್ನು ಕೊರೆದರು. ಮೂರನೆಯದಕ್ಕೆ ನಾನು ಹೇಳಬೇಕಾಗಲಿಲ್ಲ. ಇಡೀ ಮೈಭಾರ ಹಾಕಿ ಒತ್ತಿದರು. ಡ್ರಿಲ್ಲಿನ ಉದ್ದನೆಯ ಮೊನೆ ತಾಮ್ರದ ಮೇಲ್ಭಾಗ ದಾಟಿ, ಒಳಗಿನ ಕೊಳವೆಗಳನ್ನು ಸೀಳಿ, ಕೆಳಭಾಗವನ್ನೂ ತೂರಿ ಬೆಂಚಿನ ಮರಕ್ಕೆ ಇಳಿಯಿತು. ಮರದ ಪುಡಿ ಮೇಲೆದ್ದಿತು. ಬರ್ನಾರ್ಡ್ ಮುಂದೆ ಬಂದು ಅವರ ಭುಜ ಹಿಡಿಯಲು ಹೋದರು. ನಾನು ಬರ್ನಾರ್ಡ್ ತೋಳನ್ನು ಹಿಡಿದು ನಿಲ್ಲಿಸಿದೆ. ಎಲಿಸ್ ಇನ್ನೂ ಒತ್ತುತ್ತಲೇ ಇದ್ದರು.