ವಲ್ಲಿಯ ಕೆಳಗಿನ ದರ

ಗಂಡ ತೀರಿಕೊಂಡ ಮೇಲೆ ತಿಕೋಟಾದ ಮದೀನಾಬಿ ಹತ್ತಿಯ ವ್ಯಾಪಾರವನ್ನು ತಾನೇ ಹಿಡಿದಳು. ಆ ಪೇಟೆಯಲ್ಲಿ ನಿಜವಾದ ದರ ಬಾಯಲ್ಲಿ ಹೇಳುವಂಥದ್ದಲ್ಲ. ಹೆಗಲ ಮೇಲಿನ ವಸ್ತ್ರವನ್ನು, ಅಂದರೆ ವಲ್ಲಿಯನ್ನು, ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ತೀರಿಸಿಕೊಳ್ಳಬೇಕು. ವಿಜಾಪುರದ ಸ್ಟೇಷನ್ ರಸ್ತೆಯ ದೊಡ್ಡ ವ್ಯಾಪಾರಿ ಶಿವಶರಣಪ್ಪ ಒಂದು ದಿನ ತುಂಬಿದ ಪೇಟೆಯಲ್ಲಿ ಅವಳ ವಲ್ಲಿಯನ್ನು ಕಿತ್ತು ಒಗೆದ.

"ಹೆಂಗಸಿನ ಕೈ ಹಿಡದು ವ್ಯಾಪಾರ ಮಾಡಾಂವ ನಾ ಅಲ್ಲ. ಮನಿಗಿ ಹೋಗಿ ರೊಟ್ಟಿ ಬಡಿ ಬೇ," ಅಂದ.

ಪೇಟೆಯೆಲ್ಲ ನಕ್ಕಿತು. ಮದೀನಾಬಿ ವಲ್ಲಿಯ ಧೂಳು ಝಾಡಿಸಿಕೊಂಡು ಎದ್ದಳು. ಇವನ ಸೊಕ್ಕು ಮುರಿಯುವ ತನಕ ತನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎಂದು ಅವತ್ತೇ ಅವಳಿಗೆ ಗೊತ್ತಾಗಿತ್ತು.

ಸಾವಿರದ ಒಂಬೈನೂರ ಎಪ್ಪತ್ತಾರರ ಸುಗ್ಗಿಗೆ ಶಿವಶರಣಪ್ಪನಿಗೆ ಹೊಸ ಹುಚ್ಚು ಹಿಡಿಯಿತು. ಅವನ ಅಳಿಯ ಮುಂಬಯಿಯ ಯಾವುದೋ ಕಂಪನಿಯಲ್ಲಿ ಕಂಪ್ಯೂಟರ್ ನಡೆಸುತ್ತಿದ್ದ. ಇವನು ಇಲ್ಲಿಯ ದರವನ್ನು ಟ್ರಂಕ್ ಕಾಲ್‌ನಲ್ಲಿ ಹೇಳುವುದು, ಅಳಿಯ ಅದನ್ನು ಯಂತ್ರಕ್ಕೆ ಉಣಿಸುವುದು, ಯಂತ್ರ 'ಕೊಳ್ಳು' ಅಂದರೆ ಕೊಳ್ಳುವುದು, 'ಮಾರು' ಅಂದರೆ ಮಾರುವುದು. ಮೊದಮೊದಲು ಲಾಭವೂ ಬಂತು ನೋಡಿ, ಆಸಾಮಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೇಟೆಗೆ ಬರುವುದನ್ನೇ ಬಿಟ್ಟ. ವಲ್ಲಿ ಹೊದ್ದು ಕೂತವರನ್ನೆಲ್ಲ ಮುದಿ ಎತ್ತುಗಳೆಂದು ಆಡಿಕೊಂಡ. ಅವನ ಗುಮಾಸ್ತ ಈರಯ್ಯ ಬಂದು ನಿಂತು, ವಲ್ಲಿಯೊಳಗೆ ಕೈ ಹಾಕದೆ, ಕಿವಿಗೆ ಬಿದ್ದ ದರವನ್ನು ಒಯ್ಯುತ್ತಿದ್ದ.

ಕಿವಿಗೆ ಬಿದ್ದ ದರ! ಮದೀನಾಬಿಗೆ ಅಷ್ಟೇ ಸಾಕಾಗಿತ್ತು. ತಿಕೋಟಾ, ಬಬಲೇಶ್ವರ ಎರಡೂ ಕಡೆಯ ವ್ಯಾಪಾರಿಗಳನ್ನು ಮನೆಗೆ ಕರೆದು ಚಹಾ ಕುಡಿಸಿದಳು. ಮುದಿ ಎತ್ತುಗಳಿಗೂ ಸಿಟ್ಟು ಇದ್ದೇ ಇತ್ತು. ಅಂದಿನಿಂದ ಅವರು ವಲ್ಲಿಯ ಕೆಳಗೆ ಹಳೆಯ ದರಕ್ಕೇ ತೀರಿಸಿಕೊಂಡು, ಈರಯ್ಯನ ಎದುರಿಗೆ ಮಾತ್ರ ದಿನದಿನಕ್ಕೆ ಏರಿಸಿ ಕೂಗತೊಡಗಿದರು. ದರ ಏರಿದ್ದು ಕಂಡು ಯಂತ್ರ 'ಕೊಳ್ಳು' ಅಂದಿತು. ವಲ್ಲಿಯೊಳಗೆ ತೂರಿಸಲು ಅದಕ್ಕೆ ಬೆರಳೆಲ್ಲಿತ್ತು, ಪಾಪ! ಅವರು ಕೂಗಿದ ದರಕ್ಕೇ ಶಿವಶರಣಪ್ಪ ಎರಡೂ ಪೇಟೆಯ ಹತ್ತಿಯನ್ನು ಬಾಚಿಕೊಂಡ. ಮದೀನಾಬಿಯ ಗೋದಾಮನ್ನೂ ಬಿಡಲಿಲ್ಲ.

ಮರುವಾರ ಕೂಗು ನಿಂತಿತು, ನಿಜದ ದರ ಹೊರಬಿತ್ತು. ಯಂತ್ರ 'ಮಾರು' ಅಂದಿತು. ಆದರೆ ಕೊಳ್ಳುವವರು ಯಾರು? ಶಿವಶರಣಪ್ಪ ತಿಕೋಟಾದ ಪೇಟೆಗೆ ಓಡಿ ಬಂದು, ಮದೀನಾಬಿಯ ಎದುರು ಕೂತ. ಹತ್ತಿಯನ್ನು ಅರ್ಧ ದರಕ್ಕಾದರೂ ತಿರುಗಿ ತಗೊಳ್ಳಿರೆಂದು ದನಿ ತಗ್ಗಿಸಿ ಬೇಡಿಕೊಂಡ. ತನ್ನದೇ ವಲ್ಲಿ ತೆಗೆದು, ಅದರ ಕೆಳಗೆ ಕೈ ಚಾಚಿದ.

ಮದೀನಾಬಿ ಆ ವಲ್ಲಿಯನ್ನು ಮೆಲ್ಲಗೆ ಎಳೆದು, ಮಡಚಿ ಅವನ ತೊಡೆಯ ಮೇಲಿಟ್ಟಳು. ದರ ಹೇಳಲು ಕಾದಿದ್ದ ಬೆರಳುಗಳು ಎಲ್ಲರ ಕಣ್ಣಿಗೂ ಬಿದ್ದವು.

"ಹೆಂಗಸಿನ ಕೈ ಯಾಕ ಹಿಡೀತೀರಿ ಸಾವಕಾರ್ರ," ಅಂದಳು. "ಬಾಯಿ ಬಿಟ್ಟು ಕೂಗ್ರಿ. ಪೇಟಿ ಎಲ್ಲಾ ಕೇಳ್ಲಿ."

ಅವನು ದರ ಕೂಗಿದ. ಕೇಳಿಸಲಿಲ್ಲ ಅಂದಳು. ಇನ್ನೂ ಗಟ್ಟಿಯಾಗಿ ಕೂಗಿದ.

ಆಮೇಲೆ ಅವಳು ಬೇಡ ಅಂದಳು.