ಅತ್ತಿಗೆಯ ಮೂಗಿನ ಅಳತೆ

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ ಇಡೀ ದಿನ ಮೂಗುಗಳ ಜೊತೆ. ಮೂಗಿನ ಮೇಲೆ ಕೂರುವ ಎರಡು ಪುಟ್ಟ ಪ್ಯಾಡ್‌ಗಳನ್ನು ಇಕ್ಕಳದಿಂದ ಬಗ್ಗಿಸುವುದು, ಗಿರಾಕಿಗೆ ಹಾಕಿ ನೋಡುವುದು, ತೆಗೆದು ಮತ್ತೆ ಬಗ್ಗಿಸುವುದು. ಎರಡೂ ಬದಿ ಸಮನಾಗಿದ್ದ ಮೂಗನ್ನು ಒಂಬತ್ತು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಅವಳದಂತೂ ನಡುವೆ ಗಂಟು ಕಟ್ಟಿ ತುದಿಯಲ್ಲಿ ಬಾಗಿತ್ತು. ಮನೆಯಲ್ಲಿ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು.

ಆ ಹೆಸರಿಟ್ಟವಳು ಅತ್ತಿಗೆ. ಹೋದ ವರ್ಷ ಸ್ಟುಡಿಯೋದಲ್ಲಿ ಮನೆಯವರೆಲ್ಲ ಫೋಟೊ ತೆಗೆಸುವಾಗ, "ಗಿಣಿ, ನೇರ ನಿಲ್ಲೇ. ನೀನು ಪಕ್ಕಕ್ಕೆ ತಿರುಗಿದ್ರೆ ಅಮ್ಮನ ಮುಖಾನೇ ಮುಚ್ಚೋಗುತ್ತೆ" ಎಂದಿದ್ದಳು. ಫೋಟೊದವನೂ ನಕ್ಕ. ಅಣ್ಣ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ಆ ಫೋಟೊ ಈಗ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ನಗದಿರುವವಳು ಅವಳೊಬ್ಬಳೇ.

ನಾಲ್ಕು ತಿಂಗಳಲ್ಲಿ ಅತ್ತಿಗೆಯ ತಂಗಿಯ ಮದುವೆ. ಅಷ್ಟರೊಳಗೆ ಅತ್ತಿಗೆಯದೇ ಮೂಗು ಮಾಡಿಸಿಕೊಂಡು ಅವಳ ಪಕ್ಕದಲ್ಲೇ ನಿಲ್ಲಬೇಕು. ಹೀಗೆಂದುಕೊಂಡು ಅವಳು ಯಾರಿಗೂ ಹೇಳದೆ ಮೂಗಿನ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಬಳಿ ಹೋದಳು. ಮೊಬೈಲಿನಲ್ಲಿ ಅತ್ತಿಗೆಯ ಮುಖವನ್ನು ದೊಡ್ಡದು ಮಾಡಿ ತೋರಿಸಿ, ಒಂದು ಚೀಟಿಯನ್ನೂ ಮುಂದಿಟ್ಟಳು.

"ಇದೇನಮ್ಮ, ಹದಿನಾರು?"

"ಮಿಲಿಮೀಟರು, ಡಾಕ್ಟ್ರೇ. ಅತ್ತಿಗೆಗೆ ಕನ್ನಡಕ ಮಾಡುವಾಗ ನಾನೇ ಅಳೆದಿದ್ದು. ಇದೇ ಅಳತೆಗೆ ಮಾಡಿಕೊಡಿ."

ಡಾಕ್ಟರ್ ನಗಲಿಲ್ಲ. "ಫ್ರೇಮ್ ಆಗಿದ್ರೆ ಮಾಡಬಹುದಿತ್ತು. ನಿಮ್ಮ ಮೂಳೆ, ನಿಮ್ಮ ಚರ್ಮ ಎಷ್ಟಕ್ಕೆ ಒಪ್ಪುತ್ತೋ ಅಷ್ಟೇ ನನ್ನ ಕೈಲಾಗೋದು."

"ನಾಲ್ಕು ತಿಂಗಳಲ್ಲಿ ಮದುವೆ ಇದೆ."

"ನಿಮ್ದಾ?"

"ಅತ್ತಿಗೆ ತಂಗೀದು."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಊತ ಪೂರ್ತಿ ಇಳಿದು ತುದಿ ಒಂದು ಹದಕ್ಕೆ ಬರೋಕೆ ವರ್ಷ ಬೇಕು. ಮೊದಲ ಕೆಲವು ವಾರ ಮೂಗಿನ ಮೇಲೆ ಕನ್ನಡಕ ಇಡೋ ಹಾಗಿಲ್ಲ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತೆ, ಅದು ಇನ್ನೂ ಕಷ್ಟ."

ಕನ್ನಡಕ ತೆಗೆದರೆ ಅವಳಿಗೆ ಎದುರಿಗಿದ್ದ ಡಾಕ್ಟರೇ ಮಸುಕು.

ಡಾಕ್ಟರ್ ಮೊಬೈಲನ್ನು ಹತ್ತಿರ ಹಿಡಿದು ನೋಡಿದರು. "ಇಂಥದ್ದೇ ಬೇಕು ಅನ್ನಬೇಡಿ. ನಡುವೆ ಎರಡೂ ಕಡೆ ಒಳಕ್ಕೆ ಎಳಕೊಂಡಿದೆ ನೋಡಿ. ಹುಟ್ಟಿನಿಂದಲೇ ಹೀಗಿರಬಹುದು, ಫೋಟೊ ನೋಡಿ ಹೇಳೋಕಾಗಲ್ಲ. ಆದ್ರೆ ಆಪರೇಷನ್ನಿನಲ್ಲಿ ಮೂಳೆ ಜಾಸ್ತಿ ತೆಗೆದುಬಿಟ್ರೂ ಹೀಗೆ ಆಗುತ್ತೆ. ನೋಡೋಕೆ ಚಂದ, ಉಸಿರು ಮಾತ್ರ ಆಡಲ್ಲ. ಯಾರ ಹತ್ರ ಹೋದ್ರೂ ಮೊದಲು ಕೇಳಿ: ಉಸಿರಾಟಕ್ಕೆ ಏನಾಗುತ್ತೆ, ನೀವು ಇಂಥವು ಎಷ್ಟು ಮಾಡಿದ್ದೀರಿ, ಕೆಟ್ರೆ ಯಾರು ನೋಡ್ತಾರೆ. ಈಗ ಮನೆಗೆ ಹೋಗಿ. ಆರು ತಿಂಗಳಾದ ಮೇಲೆ, ಅತ್ತಿಗೆ ಫೋಟೊ ಇಲ್ದೆ ಬನ್ನಿ. ಆಗಲೂ ಬೇಕು ಅನ್ನಿಸಿದ್ರೆ ತಪ್ಪೇನಿಲ್ಲ, ಮಾಡೋಣ."

ಬಸ್ಸಿನಲ್ಲಿ ಕೂತಾಗ ಒಂದೊಂದೇ ನೆನಪಾಯಿತು. ಅತ್ತಿಗೆ ಮಲಗುವುದು ಬಾಯಿ ತೆರೆದುಕೊಂಡು. ಗೊರಕೆಯ ಬಗ್ಗೆ ಅಣ್ಣನ ಹಳಸಿದ ಜೋಕುಗಳು. ಮದುವೆಗೆ ಮುಂಚಿನ ಒಂದು ಫೋಟೊವೂ ಅವಳ ಹತ್ತಿರವಿಲ್ಲ, "ಮನೆ ಬದಲಾಯಿಸುವಾಗ ಕಳೆದುಹೋಯ್ತು." ಗಿಣಿಯ ಹೊಟ್ಟೆ ತಣ್ಣಗಾಯಿತು. ಮದುವೆ ಮನೆಯಲ್ಲಿ, ನೂರು ಜನರ ಮುಂದೆ ಕೇಳಬೇಕಾದ ಮಾತು ಸಿಕ್ಕಿತ್ತು: ನಿಮ್ಮ ಹಳೇ ಮೂಗು ಎಲ್ಲಿಟ್ಟಿದ್ದೀರಿ, ಅತ್ತಿಗೆ?

ಅಲ್ಲಿಯವರೆಗೆ ತಡೆಯಲಾಗದೆ, ಮರುದಿನ ಬೆಳಿಗ್ಗೆ ಒರೆಸಿಕೊಡುವ ನೆಪದಲ್ಲಿ ಅತ್ತಿಗೆಯ ಕನ್ನಡಕದ ಪ್ಯಾಡ್‌ಗಳನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿಟ್ಟಳು.

ವಾರದ ನಂತರ ಅತ್ತಿಗೆ ಅಂಗಡಿಗೇ ಬಂದಳು. "ಗಿಣಿ, ಕನ್ನಡಕ ಒತ್ತುತ್ತೆ ಕಣೇ."

ತೆಗೆದು ನೋಡಿದರೆ ಎಡಗಡೆ ಚರ್ಮ ಕಿತ್ತುಬಂದಿತ್ತು. ಅವಳು ಬೆರಳಿಟ್ಟಳು. ಮೂಳೆ ಇರಬೇಕಾದ ಕಡೆ ಬೆರಳು ತಗ್ಗಿಗೆ ಇಳಿಯಿತು. ಅತ್ತಿಗೆ ಥಟ್ಟನೆ ಕೈ ಹಿಡಿದುಕೊಂಡಳು. "ಅಲ್ಲಿ ಮುಟ್ಟಬೇಡ."

ಕೌಂಟರಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವಳಿಗೆ ಕಾಯಲು ಆಗಲಿಲ್ಲ. ದನಿ ಮಾತ್ರ ತಗ್ಗಿಸಿದಳು.

"ನಿಮ್ಮ ಹಳೇ ಮೂಗು ಎಲ್ಲಿಟ್ಟಿದ್ದೀರಿ, ಅತ್ತಿಗೆ?"

ಅತ್ತಿಗೆಯ ಮುಖ ಬಿಳಿಚಿತು. "ಯಾರು ಹೇಳಿದ್ರು?"

"ನಾನು ಮೂಗಿನ ಕೆಲಸದೋಳು."

"ನಿಮ್ಮಣ್ಣಂಗೂ ಗೊತ್ತಿಲ್ಲ." ಅತ್ತಿಗೆ ಬಾಗಿಲ ಕಡೆ ನೋಡಿದಳು. "ಸ್ಕೂಲಲ್ಲಿ ಸೌಟು ಅಂತಿದ್ರು ನನ್ನ. ಮದುವೆಗೆ ಮುಂಚೆ ಒಂದು ಆಸ್ಪತ್ರೆಗೆ ಹೋದೆ, ಕಂಪ್ಯೂಟರಲ್ಲಿ ಚಂದದ ಚಿತ್ರ ತೋರಿಸಿದ್ರು, ಸಹಿ ಹಾಕಿದೆ. ಉಸಿರಿನ ವಿಷಯ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳು ವರ್ಷ ಆಯ್ತು, ಎಡಗಡೆ ಗಾಳಿನೇ ಆಡಲ್ಲ."

"ಇಷ್ಟೆಲ್ಲ ಅನುಭವಿಸಿ, ನನ್ನ ಗಿಣಿ ಅಂದ್ರಾ?"

"ಎಲ್ಲರೂ ನಿನ್ನ ಮೂಗು ನೋಡ್ತಿದ್ರೆ ನನ್ನದನ್ನ ಯಾರೂ ನೋಡಲ್ವಲ್ಲ."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಇಕ್ಕಳ ಕೈಯಲ್ಲೇ ಇತ್ತು. ಅವಳು ಹಳೆಯ ಪ್ಯಾಡ್ ಕಿತ್ತು, ಮೆತ್ತನೆಯ ರಬ್ಬರಿನದನ್ನು ಕೂರಿಸಿ, ಗಾಯಕ್ಕೆ ತಾಗದಂತೆ ಹೊರಕ್ಕೆ ಬಗ್ಗಿಸಿದಳು. ಮೂರು ಸಲ ಹಾಕಿ ತೆಗೆದಳು.

"ಬೇಕಂತಲೇ ಬಿಗಿ ಮಾಡಿದ್ದೆ," ಎಂದಳು. ಡಾಕ್ಟರ ವಿಳಾಸದ ಚೀಟಿಯನ್ನು ಕನ್ನಡಕದ ಡಬ್ಬಿಯೊಳಗೆ ಇಟ್ಟಳು. "ಕೇಳಿದ್ದಕ್ಕೆ ಉತ್ತರ ಹೇಳೋ ಡಾಕ್ಟ್ರು. ಉಸಿರಿಗೆ ಏನಾದ್ರೂ ದಾರಿ ಇದೆಯಾ ಕೇಳಿ. ಅಣ್ಣಂಗೆ ನಾನು ಹೇಳಲ್ಲ. ಆದ್ರೆ ಗಿಣಿ ಅನ್ನೋದು ಇನ್ನು ನಿಮ್ಮ ಬಾಯಲ್ಲಿ ಬರಬಾರದು. ಬೇರೆಯವರ ಬಾಯಲ್ಲಿ ಬಂದ್ರೂ ನೀವೇ ತಡೀಬೇಕು."

ಮದುವೆಯ ದಿನ ಫೋಟೊಗೆ ನಿಂತಾಗ ಅವಳು ಪಕ್ಕಕ್ಕೆ ತಿರುಗಿ ನಿಂತಳು, ಪೂರ್ತಿ ಪಕ್ಕಕ್ಕೆ. ಆರು ತಿಂಗಳಿಗೆ ಡಾಕ್ಟರ್ ಬಳಿ ಹೋಗುವುದೋ ಬೇಡವೋ ಅವಳಿನ್ನೂ ತೀರ್ಮಾನಿಸಿರಲಿಲ್ಲ.

"ಗಿಣಿ, ನೇರ ನಿಲ್ಲೇ, ಅಮ್ಮ ಕಾಣಲ್ಲ," ಅಣ್ಣ ನಗಲು ಸಿದ್ಧನಾದ.

"ರೀ, ಬಾಯ್ಮುಚ್ಕೊಂಡು ನಿಂತ್ಕೊಳ್ಳಿ," ಎಂದಳು ಅತ್ತಿಗೆ. "ಅವಳಿಗೆ ಹೇಗೆ ಬೇಕೋ ಹಾಗೆ ನಿಲ್ತಾಳೆ."

ಆ ಫೋಟೊವೂ ಈಗ ನಡುಮನೆಯ ಗೋಡೆಯ ಮೇಲಿದೆ. ಇದರಲ್ಲಿ ನಕ್ಕಿರುವವಳು ಅವಳೊಬ್ಬಳೇ.