ಕಿತ್ತಳೆಯ ದೃಶ್ಯ ಯಾರದು

ಅಮೆರಿಕದ ಟೊಲೀಡೋ ಊರಿನ ಒಂದು ಕಾಮಿಕ್ಸ್ ಅಂಗಡಿಯಲ್ಲಿ ವೆಂಡೆಲ್ ಕ್ರಯೆವ್‌ಸ್ಕಿ ಎಂದರೆ ‘ಬೂದು ಕೊಕ್ಕರೆ’ ಚಿತ್ರದ ವಕೀಲ. ಅವನ ಕಕ್ಷಿದಾರ ಮಾತ್ರ ಯಾರೂ ನೋಡಿರದ ಚಿತ್ರ. ರೆಕ್ಕೆ ಕಟ್ಟಿಕೊಂಡು ಊರು ಕಾಯುವ ವೀರನ ಆ ಕಥೆಯನ್ನು ಮುಕ್ಕಾಲು ಪಾಲು ತೆಗೆದಿದ್ದ ನಿರ್ದೇಶಕನನ್ನು ಸ್ಟುಡಿಯೊ ಮನೆಗೆ ಕಳಿಸಿ, ಇನ್ನೊಬ್ಬನನ್ನು ಕರೆತಂದು, ಅರ್ಧವನ್ನು ಮತ್ತೆ ತೆಗೆಸಿ, ಸಂದುಗೊಂದಿಗೆಲ್ಲ ಜೋಕು ತುರುಕಿ ಬಿಡುಗಡೆ ಮಾಡಿತ್ತು. ಮೊದಲನೆಯವನ ಚಿತ್ರವನ್ನು ಹೊರಗೆ ಬಿಡಿ ಎಂದು ವೆಂಡೆಲ್ ಅಂದಿನಿಂದ ಬಾಯಿ ಬಡಿದುಕೊಳ್ಳುತ್ತಿದ್ದ.

ಯಾವ ದೃಶ್ಯ ಯಾರದೆಂದು ಹೇಳಲು ಅಭಿಮಾನಿಗಳಲ್ಲಿ ಒಂದು ಶಾಸ್ತ್ರವಿತ್ತು. ನಾಯಕ ನಟ ನಡುವೆ ಇನ್ನಾವುದೋ ಚಿತ್ರಕ್ಕೆ ತಲೆ ಬೋಳಿಸಿಕೊಂಡಿದ್ದ. ಹಾಗಾಗಿ ಸ್ವಂತ ಕೂದಲಿದ್ದರೆ ಮೊದಲನೆಯವನದು, ವಿಗ್ಗಿದ್ದರೆ ಸ್ಟುಡಿಯೊದ್ದು. ವೆಂಡೆಲ್ ಪರದೆಗೆ ಮೂಗು ತಾಗಿಸಿ ಇಡೀ ಚಿತ್ರವನ್ನು ಹೀಗೆ ಪಾಲು ಮಾಡಿದ್ದ. ಅಣ್ಣತಮ್ಮಂದಿರ ಜಮೀನೂ ಅಷ್ಟು ಚೊಕ್ಕವಾಗಿ ಪಾಲಾಗುವುದಿಲ್ಲ.

ತಕರಾರಿದ್ದದ್ದು ಒಂದೇ ದೃಶ್ಯದ್ದು. ವೀರ ಆಸ್ಪತ್ರೆಯಲ್ಲಿ ತಾಯಿಯ ಪಕ್ಕ ಕೂತು, ಮಾತಿಲ್ಲದೆ ಕಿತ್ತಳೆ ಸುಲಿಯುತ್ತಾನೆ. ತಲೆಗೆ ಉಣ್ಣೆಯ ಟೋಪಿ, ಕೂದಲು ಕಾಣದು. ಆ ಚಿತ್ರ ಬಂದದ್ದು ವೆಂಡೆಲ್‌ನ ತಾಯಿ ತೀರಿಕೊಂಡ ವಾರ. ಅವಳ ಹಾಸಿಗೆಯ ಪಕ್ಕ ಅವನಿಗೂ ಮಾತು ಹೊರಟಿರಲಿಲ್ಲ. ಮಣ್ಣು ಮಾಡುವಾಗ ಬಾರದ ಅಳು, ಚಿತ್ರಮಂದಿರದಲ್ಲಿ ತೊಡೆಯ ಮೇಲೆ ಪಾಪ್‌ಕಾರ್ನ್ ಇಟ್ಟುಕೊಂಡಾಗ ಬಂತು.

“ಸ್ಟುಡಿಯೊ ಕಮಿಟಿ ಮಾಡೋ ಕೆಲ್ಸ ಅಲ್ಲ ಇದು. ತಾಯಿ ಕಳ್ಕೊಂಡೋನೇ ತೆಗ್ದಿರೋದು,” ಎಂದಿದ್ದ.

“ಮತ್ತೆ ಟೋಪಿ ಯಾಕೋ? ವಾರ್ಡೊಳಗೆ ಹಿಮ ಬೀಳ್ತಿತ್ತಾ?” ಎಂದಿದ್ದ ಲೈಲ್ ಹಚಿನ್ಸ್, ಶಾಲೆಯ ಕಾಲದ ಗೆಳೆಯ, ಸ್ಟುಡಿಯೊ ಪಕ್ಷದವನು.

ಅಲ್ಲಿಗೆ ಇಬ್ಬರ ನಡುವೆ ನೇರ ಮಾತು ನಿಂತಿತು. ಹೊಸ ಕಾಮಿಕ್ಸ್ ಬರುವ ಬುಧವಾರ ಇಬ್ಬರೂ ತಪ್ಪದೆ ಬರುತ್ತಿದ್ದರು, ಜಗಳವನ್ನೂ ತಪ್ಪಿಸುತ್ತಿರಲಿಲ್ಲ. ಎಲ್ಲವೂ ಅಂಗಡಿಯ ಒಡತಿ ರೋಸಲಿಂಡ್ ಮುಖಾಂತರ.

“ರೋಸಲಿಂಡ್, ಅವನಿಗೆ ಹೇಳು, ಅವನ ಸ್ಟುಡಿಯೊಗೆ ಕಥೆ ಅಂದ್ರೆ ಗೊಂಬೆ ಮಾರೋ ಜಾಹೀರಾತು ಅಂತ.”

“ಅಲ್ಲೇ ಇದಾನಲ್ಲಪ್ಪಾ, ಕಿವೀನೂ ಇದೆ,” ಎನ್ನುತ್ತಿದ್ದಳು ಅವಳು, ಮತ್ತು ಹೇಳುತ್ತಿದ್ದಳು.

ಕೊನೆಗೂ ಮೊದಲನೆಯವನ ಚಿತ್ರ ಹೊರಬಂತು. ಶನಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿದರು, ತಿನ್ನಲು ಚಿಲಿ ಡಾಗ್ ಎಂಬ ಸಾಸೇಜಿನ ಬನ್ನು ಹಂಚಿದರು. ವೆಂಡೆಲ್ ತಾಯಿಯ ಮಣ್ಣಿಗೆ ತೊಟ್ಟಿದ್ದ ಕೋಟನ್ನೇ ತೊಟ್ಟು ಬಂದಿದ್ದ.

ಚಿತ್ರದಲ್ಲಿ ವಿಗ್ಗಿರಲಿಲ್ಲ, ಜೋಕಿರಲಿಲ್ಲ. ತಾಯಿ ಸತ್ತ ಸುದ್ದಿ ಒಂದು ಫೋನಿನಲ್ಲಿ ಬಂದುಹೋಯಿತು. ಕಿತ್ತಳೆಯೂ ಇರಲಿಲ್ಲ. ಕೊನೆಯಲ್ಲಿ ಪರದೆಯ ಮೇಲೆ ಆ ನಿರ್ದೇಶಕನೇ ಬಂದು ಮಾತಾಡಿದ.

“ಆ ಕಿತ್ತಳೆ ನಂದಲ್ಲ. ಕಣ್ಣೀರು ಹಿಂಡೋ ಅಗ್ಗದ ಆಟ ಅದು. ಬಿಡುಗಡೆಗೆ ಮೊದ್ಲು ಒಂದಷ್ಟು ಜನಕ್ಕೆ ತೋರ್ಸಿದಾಗ ಅವ್ರು ‘ತಾಯಿ ಏನಾದ್ಲು’ ಅಂತ ಕೇಳಿದ್ರಂತೆ. ಸ್ಟುಡಿಯೊದೋರು ನಟನ ಬೋಳುತಲೆಗೆ ಟೋಪಿ ಹಾಕ್ಸಿ, ವಿಗ್ಗಿಗೂ ಪುರುಸೊತ್ತಿಲ್ದೆ ಬೇಗ ತೆಗ್ದು ಸೇರಿಸ್ಬಿಟ್ರು.”

ಎಲ್ಲರೂ ಲೈಲ್ ಕಡೆ ನೋಡಿದರು. ಅವನು ಕಾದಿದ್ದ ದಿನ ಬಂದಿತ್ತು, ಬಾಯಿ ತುಂಬ ಚಿಲಿ ಡಾಗ್ ಇತ್ತು.

“ರೋಸಲಿಂಡ್,” ಎಂದ ವೆಂಡೆಲ್, ನೆಲ ನೋಡುತ್ತ. “ನಗೋದಿದ್ರೆ ನಕ್ಬಿಡು ಅಂತ ಹೇಳು ಅವನಿಗೆ. ನಾನು ಅತ್ತಿದ್ದು ಕಮಿಟಿಗೆ.”

ರೋಸಲಿಂಡ್ ಈ ಸಲ ಹೇಳಲಿಲ್ಲ. ಲೈಲ್ ನಿಧಾನಕ್ಕೆ ಅಗಿದು ನುಂಗಿದ. ಎದ್ದು ಹೋಗಿ, ಕಪಾಟಿನ ತಳದಿಂದ ಹಳೆಯ ಡಿಸ್ಕನ್ನು, ಸ್ಟುಡಿಯೊ ಹಾಳು ಮಾಡಿದ ಚಿತ್ರವನ್ನು, ತಂದು ಹಾಕಿದ. ಹುಡುಕದೆಯೇ ನೇರ ಆಸ್ಪತ್ರೆಯ ದೃಶ್ಯಕ್ಕೆ ಹೋದ. ಆಮೇಲೆ ಬಂದು ವೆಂಡೆಲ್ ಪಕ್ಕದ ಕುರ್ಚಿಯಲ್ಲಿ ಕೂತ.

ಸಿಪ್ಪೆ ತಟ್ಟೆಗೆ ಬೀಳುವ ಮೊದಲೇ ವೆಂಡೆಲ್‌ನ ಭುಜ ಕುಲುಕತೊಡಗಿತು. ಕೋಟಿನ ತೋಳಿನಲ್ಲಿ ಮುಖ ಒರೆಸಿಕೊಂಡ. ದೃಶ್ಯ ಮುಗಿದು ಯಾವುದೋ ಜೋಕು ಶುರುವಾಯಿತು, ಯಾರೂ ನಗಲಿಲ್ಲ.

“ಇನ್ನೊಂದ್ಸಲ ಹಾಕೋ ಲೈಲ್,” ಎಂದ.